ವಾಸನೆ ಟ್ರಂಪೆಟ್ಟಿನದು

ಮಾರ್ಚ್ ೧೧, ಮಂಗಳವಾರ

ನನ್ನ ಬಾಯಿ ನಾರುವುದಿಲ್ಲ. ಇಷ್ಟು ಬರೆದರೆ ಇವತ್ತಿನದು ಮುಗಿದಂತೆಯೇ, ಆದರೂ ಬರೆಯುತ್ತೇನೆ.

ವಾದ್ಯಮೇಳದಲ್ಲಿ ಪಕ್ಕದಲ್ಲಿ ಕೂರುವ ಗೆಳತಿ ಕುರ್ಚಿಯನ್ನು ಅತ್ತ ಸರಿಸಿಕೊಂಡ ದಿನದಿಂದ ನಾನು ಲವಂಗ ಅಗಿದೆ, ಉರಿಯುವ ತನಕ ನಾಲಿಗೆ ಉಜ್ಜಿದೆ, ಯಾರ ಹತ್ತಿರವೂ ನಿಂತು ಮಾತಾಡಲಿಲ್ಲ. ಗಂಡನನ್ನು ಕೇಳಲು ನಾಚಿಕೆ. ಬೆಳಿಗ್ಗೆ ಧೈರ್ಯ ಮಾಡಿ ಅತ್ತೆಯನ್ನೇ ಕೇಳಿದೆ. ಅವರು ಮುಲಾಜು ನೋಡುವವರಲ್ಲ.

"ಎಲ್ಲಿ, ಆ ಅನ್ನು," ಎಂದು ಹತ್ತಿರ ಬಂದು ಮೂಸಿದರು. "ನಿನ್ನ ಬಾಯಿಗೇನಾಗಿದೆ? ಚೆನ್ನಾಗೇ ಇದೆ. ಆ ಊದೋದನ್ನ ತಗೊಂಬಾ ನೋಡೋಣ."

ಟ್ರಂಪೆಟ್ಟಿನ ಪೆಟ್ಟಿಗೆ ತೆರೆದದ್ದೇ ತಡ, ಮೂಗು ಮುಚ್ಚಿಕೊಂಡರು. "ಅಯ್ಯೋ! ಇದರೊಳಗೆ ಇಲಿ ಸತ್ತಿದ್ಯೇನೇ?"

ಇಬ್ಬರೂ ಸೇರಿ ಕೊಳವೆಗಳನ್ನು ಬಿಚ್ಚಿ ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಮುಳುಗಿಸಿದೆವು. ಉದ್ದನೆಯ ಬ್ರಷ್ ತೂರಿಸಿ ಎಳೆದರೆ ಹಸಿರು ಲೋಳೆ! ಊದಿದ ಮೇಲೆ ಒರೆಸದೆ ಒದ್ದೆಯಾಗಿಯೇ ಮುಚ್ಚಿಡುತ್ತಿದ್ದೆನಲ್ಲ, ಪೆಟ್ಟಿಗೆಯೊಳಗಿನ ಮಖಮಲ್ಲೂ ಬೂಷ್ಟು ಹಿಡಿದಿತ್ತು. ಅದಕ್ಕೆ ಅಡುಗೆ ಸೋಡಾ ಉದುರಿಸಿ, ಕೊಡವಿ, ಬಿಸಿಲಿಗೆ ತೆರೆದಿಟ್ಟೆವು. ಸಂಜೆ ಮೂಸಿದರೆ ಬರೀ ಬಿಸಿ ಬಟ್ಟೆಯ ವಾಸನೆ. ಎದೆಯ ಮೇಲಿನ ಕಲ್ಲು ಇಳಿಯಿತು.

ಊಟಕ್ಕೆ ಕೂತಾಗ ಅತ್ತೆ ಮಗನಿಗೆ, "ಇವಳ ಬಾಯಿಗೆ ನಾನು ಸರ್ಟಿಫಿಕೇಟ್ ಕೊಟ್ಟಿದ್ದೀನಿ ಕಣೋ," ಎಂದರು.

"ಏನಂತ? ಬಾಯಿ ಜೋರು ಅಂತಾನಾ?" ಎಂದರು ಇವರು.

ಅನ್ನ ನೆತ್ತಿಗೇರುವಷ್ಟು ನಕ್ಕೆ. ಹಾಗೆ ನಗುವಾಗ ಕೈ ಬಾಯಿಗೆ ಅಡ್ಡ ಹೋಗಲಿಲ್ಲ ಎನ್ನುವುದು ಈಗ, ಬರೆಯುತ್ತಾ, ಹೊಳೆಯುತ್ತಿದೆ. ಕಣ್ಣು ಎಳೆಯುತ್ತಿದೆ, ಇನ್ನು