ಸ್ವೆಟರಿನ ಜೇಬಿನಲ್ಲಿದ್ದ ಬ್ಯಾಡ್ಜು

ಹಗರೆ
೧೨ ಫೆಬ್ರವರಿ ೨೦೨೫

ಮುದ್ದು ಶಶಿಗೆ ನಿನ್ನ ಅಮ್ಮನ ಆಶೀರ್ವಾದಗಳು.

ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ? ನಿದ್ದೆ ಬರುತ್ತಿದೆಯಾ? ಇನ್ನು ಮೇಲೆ ಬರುತ್ತದೆ ಬಿಡು. ಇಲ್ಲಿ ಎಲ್ಲ ಕ್ಷೇಮ. ನನ್ನ ಸೊಂಟ ಮಾತ್ರ ಯಾರ ಮಾತೂ ಕೇಳುವುದಿಲ್ಲ, ನಿಮ್ಮಪ್ಪನ ಹಾಗೆ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ "ಆಯ್ತು ಬಿಡಮ್ಮ" ಅಂತೀಯ, ಅದಕ್ಕೇ ಈ ಕಾಗದ.

ಅಣುಸ್ಥಾವರದಲ್ಲಿ ಮೈಗೆ ತಾಗಿದ ವಿಕಿರಣ ಅಳೆಯುವ ನಿನ್ನ ಬ್ಯಾಡ್ಜು ಮಿತಿ ಮೀರಿ ತೋರಿಸಿತು, ಕೆಲಸಕ್ಕೆ ಬಿಡುತ್ತಿಲ್ಲ, ರಕ್ತ ಪರೀಕ್ಷೆಗೆ ಕಳಿಸಿದ್ದಾರೆ ಅಂದಾಗಿನಿಂದ ದಿನಾ ದೇವರಿಗೆ ಹರಕೆ ಹೊರುತ್ತಿದ್ದೆ. ಸುರಕ್ಷತೆಯ ಮಂಡಳಿಯವರು ವಿಚಾರಣೆಗೆ ಸಮಿತಿ ಮಾಡಿದ್ದಾರೆ ಅಂದೆಯಲ್ಲ, ಅವರಿಗೆ ನಾನು ಹಾಕಿದ ಶಾಪ ಒಂದೆರಡಲ್ಲ. ನನ್ನ ಮಗನ ಅನ್ನಕ್ಕೇ ಕಲ್ಲು ಹಾಕಿದರು ಅಂದುಕೊಂಡಿದ್ದೆ.

ನಿನ್ನೆ ಬೇಲೂರಿನ ಮೂಳೆ ಡಾಕ್ಟರು, ಡಿಸೆಂಬರಿನಲ್ಲಿ ಹಾಸನದಲ್ಲಿ ತೆಗೆಸಿದ್ದ ಎಕ್ಸ್‌ರೇ ಫಿಲಂ ಬೆಳಕಿಗೆ ಹಿಡಿದು, "ಏನಮ್ಮಾ, ಜೇಬಲ್ಲಿ ಏನಿಟ್ಕೊಂಡಿದ್ರಿ?" ಅಂದರು. ಸೊಂಟದ ಮೂಳೆಯ ಪಕ್ಕ ಬೆಂಕಿಪೊಟ್ಟಣದಷ್ಟು ಚೌಕ, ಅದರೊಳಗೆ ಮೂರು ದುಂಡನೆ ಚುಕ್ಕೆ. ನೀನು ಒಮ್ಮೆ ತೋರಿಸಿದ್ದ ಬ್ಯಾಡ್ಜೇ ಅದು. ನೀನು ಊರಿಗೆ ಬಂದಾಗ ಬಿಟ್ಟುಹೋಗಿದ್ದ ಸ್ವೆಟರನ್ನೇ ಅವತ್ತು ಹಾಕಿಕೊಂಡು ಹೋಗಿದ್ದೆ ಕಣೋ! ಬಿಚ್ಚಿ ಅಂದವರ ಹತ್ತಿರ ಚಳಿ ಅಂತ ಜಗಳವಾಡಿ ಹಾಗೇ ಮಲಗಿದ್ದೆ. ಮೂರು ಸಲ ತೆಗೆದರು. ಆಮೇಲೆ ಜೇಬು ಕೂಡ ನೋಡದೆ ಸ್ವೆಟರನ್ನು ನಿನಗೆ ಪಾರ್ಸೆಲ್ ಮಾಡಿದೆ. ಎಕ್ಸ್‌ರೇ ಬಿದ್ದರೂ ಬ್ಯಾಡ್ಜಿನ ಅಂಕಿ ಏರುತ್ತದೆ ಅಂತ ಡಾಕ್ಟರು ಹೇಳಿದರು. ಅದರಲ್ಲಿ ಏರಿದ್ದು ನನ್ನ ಸೊಂಟದ ಲೆಕ್ಕ ಮಗಾ, ನಿನ್ನದಲ್ಲ! ಅಲ್ಲೇ ಅತ್ತುಬಿಟ್ಟೆ. ಬಾಯಲ್ಲಿ ಮಾತೇ ಇಲ್ಲದ ನಿಮ್ಮಪ್ಪ ಇವತ್ತು ಡೈರಿ ಮುಂದೆ ಕ್ಯಾನು ಕೆಳಗಿಟ್ಟು ಸಿಕ್ಕವರಿಗೆಲ್ಲ ಹೇಳಿದ್ದೇ ಹೇಳಿದ್ದು.

ಫಿಲಂ ಇದರ ಜೊತೆ ಇದೆ, ಮಡಚಬೇಡ. ಸಮಿತಿಯವರಿಗೆ ಕೊಡು. ಬ್ಯಾಡ್ಜು ಮನೆಗೆ ಯಾಕೆ ತಂದೆ ಅಂತ ಬೈದರೆ ಬೈಸಿಕೋ. ಕೇಳುವವರು ಇದ್ದದ್ದರಿಂದ ತಾನೇ ನಿಜ ಹೊರಬಿತ್ತು? ಹಾಕಿದ ಶಾಪವನ್ನೆಲ್ಲ ವಾಪಸ್ ತಗೊಂಡಿದ್ದೇನೆ.

ನೂರು ವರ್ಷ ಗಟ್ಟಿಯಾಗಿ ಬಾಳು.

ನಿನ್ನ ಅಮ್ಮ,
ಸುವರ್ಣಮ್ಮ

ಮ.ವಿ.: ಕವರು ಅಂಟಿಸುವಾಗ ನಿಮ್ಮಪ್ಪ ಕ್ಯಾಲೆಂಡರ್ ನೋಡಿ ದಿನ ಎಣಿಸಿದರು. ನೀನು ಹೋದ ಮೇಲೆ ಹನ್ನೊಂದು ದಿನ ಆ ಸ್ವೆಟರ್ ಇಲ್ಲೇ ಇತ್ತು. ದಿನಾ ಕೆಲಸಕ್ಕೆ ಹೋಗುತ್ತಿದ್ದೇನೆ ಅಂತ ಆಗ ನೀನು ಫೋನಿನಲ್ಲಿ ಹೇಳುತ್ತಿದ್ದೆ. ಬ್ಯಾಡ್ಜು ಇಲ್ಲದೆ ಒಳಗೆ ಹೋದೆಯಾ ಶಶಿ? ಆ ಹನ್ನೊಂದು ದಿನ ನಿನ್ನ ಮೈಗೆ ಎಷ್ಟು ತಾಗಿತೋ ಯಾರಿಗೆ ಗೊತ್ತು? ಫಿಲಂ ಕೊಡುವಾಗ ಅದನ್ನೂ ಹೇಳಿಬಿಡು. ಕೆಲಸ ಹೋದರೆ ಹೋಗಲಿ.