ಗಡಸು ನೀರಿನ ಮೀನುಗಳು

ಜೂನ್ 9, ಸೋಮವಾರ. ಬೆಳಿಗ್ಗೆ ಒಂಬತ್ತೂವರೆ

ಇಬ್ಬರೂ ಹೋದರು. ದೀಪ ಯಳಂದೂರು ಬಸ್ಸಿಗೆ, ಮಣಿಕಂಠ ಹನೂರು ಬಸ್ಸಿಗೆ. ಅವಳಿಗೆ ಸ್ಕೂಲು, ಅವನಿಗೆ ಪೋಸ್ಟ್ ಆಫೀಸು. ಪಾತ್ರೆ ತೊಳೆದಾಯಿತು, ಬಟ್ಟೆ ಹರವಿಯಾಯಿತು. ಇನ್ನು ಸಂಜೆಯ ತನಕ ನಾನು ಮತ್ತು ನೀರು.

ನೀರು ಅಂದರೆ ಹಾಲ್‌ನಲ್ಲಿರುವ ನಾಲ್ಕಡಿ ಗಾಜಿನ ತೊಟ್ಟಿ. ಮದುವೆಯಾಗಿ ಈ ಮನೆಗೆ ಬರುವಾಗ ಮಣಿಕಂಠ ತಂದದ್ದು ಎರಡು ಸೂಟ್‌ಕೇಸು, ಮತ್ತೆ ಇದು. ಒಳಗೆ ಮರಳು, ಕಲ್ಲು, ನೀರು. ಮೀನಿಲ್ಲ! ಫಿಲ್ಟರ್ ಮಾತ್ರ ಹಗಲೂ ರಾತ್ರಿ ಗುರ್ ಅನ್ನುತ್ತದೆ. ದಿನಾ ಒಂದು ಚಿಟಿಕೆ ಆಹಾರ ಹಾಕಬೇಕಂತೆ — ಇಲ್ಲದ ಮೀನಿಗೆ. ಅದು ಕೊಳೆತು, ಒಳ್ಳೆ ಬ್ಯಾಕ್ಟೀರಿಯಾ ಹುಟ್ಟಿ, ಆಮೇಲೆ ಮೀನು ಬಿಡುವುದಂತೆ. ಹಾಕುವ ಡ್ಯೂಟಿ ನನ್ನದು.

ಪಕ್ಕದ ಮನೆ ಚಿಕ್ಕನಿಂಗಮ್ಮ ಬಂದು ಬಗ್ಗಿ ನೋಡಿದಳು.

“ಎಲ್ಲವ್ವಾ ಮೀನು?”

“ಬತ್ತವೆ. ನೀರು ಹದ ಆಗ್ಬೇಕಂತೆ.”

“ಮೀನಿಗೂ ಹದವಾ! ಈ ಊರ್ಗೆ ನಾನು ಸೊಸೆಯಾಗಿ ಬಂದಾಗ ನಂಗ್ಯಾರು ಹದ ನೋಡುದ್ರು?”

ಸೆರಗು ಬಾಯಿಗಿಟ್ಟುಕೊಂಡು ನಗುತ್ತಲೇ ಹೋದಳು.

ಜೂನ್ 12

ಮಣಿಕಂಠ ನನ್ನನ್ನು ಏನೂ ಕರೆಯುವುದಿಲ್ಲ. ಎದುರಿಗೆ ಬಂದು ನಿಂತು, ಕೆಮ್ಮಿ, ನಾನು ತಲೆ ಎತ್ತಿದ ಮೇಲೆ ಮಾತು ಶುರು. ತಪ್ಪು ಅವನದಲ್ಲ. ತೀರಿಹೋದ ಮಗನ ಹೆಂಡತಿಯನ್ನು ಮದುವೆಯಾದವನು ನನಗೆ ಏನಾಗಬೇಕು? ಅಳಿಯನಲ್ಲ, ಮಗನಲ್ಲ. ಹೆಸರೇ ಇಲ್ಲ ಅದಕ್ಕೆ.

ಮಾದೇಶ ಹೋಗಿ ನಾಲ್ಕು ವರ್ಷ. ಇನ್ನೊಂದು ಮದುವೆ ಮಾಡಿಕೊ ಎಂದು ದೀಪಳನ್ನು ಕಾಡಿದವಳು ನಾನೇ. ಗಂಡು ಹುಡುಕಿದವಳೂ ನಾನೇ. ಈಗ ಈ ಗಂಡಿಗೆ ಚಿತ್ರಾನ್ನದಲ್ಲಿ ಕಡಲೆಬೀಜ ಬೇಕೋ ಬೇಡವೋ ಗೊತ್ತಾಗುತ್ತಿಲ್ಲ. ಕೇಳಿದರೆ “ಎಂಗಾದ್ರೂ ಆಯ್ತದೆ” ಅನ್ನುತ್ತಾನೆ. ಎಂಗಾದರೂ ಅಂದರೆ ಹೇಗೆ ಮಾಡಲಿ...

ಜುಲೈ 6, ಭಾನುವಾರ. ಸಂಜೆ

ಬಂದವು!

ಮೈಸೂರಿನಿಂದ ಬಸ್ಸಿನಲ್ಲಿ, ಥರ್ಮಾಕೋಲ್ ಡಬ್ಬದೊಳಗೆ, ಗಾಳಿ ತುಂಬಿದ ಕವರುಗಳಲ್ಲಿ. ಸಿಕ್ಲಿಡ್ ಎಂಬ ಜಾತಿ. ಆಫ್ರಿಕಾದ ಮಲಾವಿ ಅನ್ನುವ ದೊಡ್ಡ ಸರೋವರದ ಕುಲ. ಕವರನ್ನು ತೊಟ್ಟಿಯಲ್ಲಿ ತೇಲಿಬಿಟ್ಟು, ಲೋಟದಲ್ಲಿ ಸ್ವಲ್ಪ ಸ್ವಲ್ಪವೇ ತೊಟ್ಟಿ ನೀರು ಸೇರಿಸಿ ಒಗ್ಗಿಸಿದ. ಆಮೇಲೆ ಬಲೆಯಲ್ಲಿ ಒಂದೊಂದೇ ಒಳಗೆ. ಹಳದಿಯವು — ಆಗಷ್ಟೇ ಅರೆದ ಅರಿಸಿನ. ನೀಲಿಯವಕ್ಕೆ ಮೈಮೇಲೆ ಕಪ್ಪು ಪಟ್ಟೆ. ಬಂದ ತಕ್ಷಣ ಕಲ್ಲಿನ ಸಂದಿ ಸೇರಿ ಇಣುಕಿದವು. ನಾವು ಮೂವರೂ ನೆಲದ ಮೇಲೆ ಕೂತು ಅವನ್ನು ಇಣುಕಿ ನೋಡಿದೆವು. ಅನ್ನಕ್ಕೆ ಇಟ್ಟದ್ದು ಸೀದುಹೋಯಿತು.

ನಮ್ಮ ಬೋರಿನ ನೀರು ಇವಕ್ಕೆ ಆಗಿ ಬರುತ್ತದೆಯೇ ಎಂದೆ.

“ಇಂಥ ಗಡಸು ನೀರೇ ಬೇಕು ಇವ್ಕೆ,” ಅಂದ ಮಣಿಕಂಠ. “ಬೇರೆ ಊರ್ನಲ್ಲಿ ಪೌಡರ್ ತಂದು ಹಾಕಿ ಗಡಸು ಮಾಡ್ತಾರೆ. ನಮ್ಗೆ ಮೋಟ್ರು ಹಾಕುದ್ರೆ ಸಾಕು.”

ಬಕೆಟ್ಟಿಗೆ ಬಿಳಿ ಪೊರೆ, ಬೇಳೆ ಬೇಯದು, ಸೋಪು ನೊರೆ ಬಾರದು — ಎಷ್ಟು ವರ್ಷ ಬೈದಿದ್ದೇನೆ ಆ ಬೋರನ್ನು! ಅದಕ್ಕೂ ಒಂದು ಮರ್ಯಾದೆ ಬಂತು.

ಜುಲೈ 20, ಭಾನುವಾರ

ಒಂದು ನೀಲಿ ಗಂಡು ರೌಡಿಯಾಗಿದೆ. ದೊಡ್ಡ ಕಲ್ಲು ತನ್ನದು, ಸಣ್ಣ ಕಲ್ಲೂ ತನ್ನದು. ಇವತ್ತು ಇನ್ನಷ್ಟು ಹೊಸ ಮೀನು ತಂದ ಮಣಿಕಂಠ. ಬಿಡುವ ಮುಂಚೆ ತೋಳು ಮಡಚಿ ಕಲ್ಲುಗಳನ್ನೆಲ್ಲ ಕಿತ್ತು ಬೇರೆ ಥರ ಜೋಡಿಸಿದ.

“ಯಾಕಪ್ಪ, ಚೆನ್ನಾಗೇ ಇತ್ತಲ್ಲ?”

“ಕಲ್ಲು ಅಂಗೇ ಇದ್ರೆ ಹೊಸಬ್ರನ್ನ ಕಚ್ಚಿ ಸಾಯಿಸ್ಬುಡ್ತವೆ. ಅದಲುಬದಲು ಮಾಡುದ್ರೆ ಎಲ್ರಿಗೂ ಜಾಗ ಹೊಸ್ದು.”

ಕೇಳುತ್ತಾ ನಿಂತಿದ್ದ ದೀಪ ಮಧ್ಯಾಹ್ನ ಹಾಲ್‌ಗೆ ಕೈ ಹಾಕಿದಳು. ದಿವಾನ್ ಕಾಟ್ ಕಿಟಕಿ ಕಡೆಗೆ, ಬೀರು ಮೂಲೆಗೆ. ಮಾದೇಶನ ಫೋಟೋ ಹತ್ತಿರ ಬಂದಾಗ ಕೈ ನಿಂತಿತು. ನನ್ನ ಮುಖ ನೋಡಿದಳು. ಮಣಿಕಂಠನೇ ಸ್ಟೂಲ್ ಹತ್ತಿ ತೊಟ್ಟಿಯ ಎದುರು ಗೋಡೆಗೆ ಮೊಳೆ ಹೊಡೆದ. “ಇಲ್ಲಿಂದ ಅವ್ರಿಗೂ ಮೀನು ಕಾಣ್ತದೆ,” ಅಂದ.

ಫೋಟೋದ ಗಾಜಿನಲ್ಲಿ ಹಳದಿ ಹಳದಿ ಓಡಾಡುತ್ತಿದೆ. ಮಗ ಎಲ್ಲೋ ನೀರಿನ ದಡದಲ್ಲಿ ಕೂತ ಹಾಗೆ.

ಆಗಸ್ಟ್ 3

ಅಡುಗೆಮನೆಯಲ್ಲಿ ಇಬ್ಬರೂ ಏನೋ ಹೇಳಿಕೊಂಡು ನಗುತ್ತಿದ್ದರು. ನೀರಿಗೆಂದು ಹೋದೆ. ಸುಮ್ಮನಾದರು. ವಾಪಸ್ ಬಂದುಬಿಟ್ಟೆ — ನೀರು ಕುಡಿಯದೆ.

ಬೇಜಾರಲ್ಲ. ಗಂಡ ಹೆಂಡತಿ ಜೋರಾಗಿ ನಗುವುದಕ್ಕೆ ಒಂದು ಮನೆ ಬೇಕು. ಮುಳ್ಳೂರಿಗೆ ಫೋನ್ ಮಾಡಿ ತಮ್ಮ ರಂಗನಾಯಕನಿಗೆ ಹೇಳಿದೆ, ನಿನ್ನ ಮನೆಗೆ ಬಂದು ಇರುತ್ತೇನೆ ಅಂತ. “ಯಾಕಕ್ಕ, ಏನಾರ ಅಂದ್ರಾ?” ಅಂದ. ಏನೂ ಅಂದಿಲ್ಲ, ಅದೇ ತಾನೇ. ಆಯುಧಪೂಜೆ ಕಳೆದ ಭಾನುವಾರ ಗೂಡ್ಸ್ ಆಟೋ ತರುತ್ತಾನಂತೆ. ಇವರಿಗೆ ಆಮೇಲೆ ಹೇಳಿದರಾಯಿತು.

ಸೆಪ್ಟೆಂಬರ್ 2

ಒಂದು ಹಳದಿ ಹೆಣ್ಣು ಎರಡು ದಿನದಿಂದ ಏನೂ ತಿನ್ನುತ್ತಿಲ್ಲ. ಗಂಟಲು ಊದಿದೆ. ಕಾಯಿಲೆ ಅಂದುಕೊಂಡು ಹೆದರಿದ್ದೆ. ಮಣಿಕಂಠ ಬ್ಯಾಗೂ ಇಳಿಸದೆ ಬಗ್ಗಿ ನೋಡಿದವನು ಚಪ್ಪಾಳೆ ತಟ್ಟಿದ. ಬಾಯೊಳಗೆ ಮೊಟ್ಟೆಯಂತೆ! ಮರಿಯಾಗಿ ಈಜುವ ತನಕ ಬಾಯಲ್ಲೇ ಸಾಕುತ್ತದಂತೆ. ಮೂರು ನಾಲ್ಕು ವಾರ ಉಪವಾಸ. ಗಾಬರಿಯಾದರೆ ಉಗುಳಿಬಿಡುತ್ತದೆ, ಮಿಕ್ಕವು ತಿಂದುಹಾಕುತ್ತವೆ.

ಟಿವಿ ಸೌಂಡ್ ಕಡಿಮೆ ಮಾಡಿದೆ. ಚಿಕ್ಕನಿಂಗಮ್ಮನಿಗೂ ಮೆಲ್ಲಗೆ ಮಾತಾಡು ಅಂದೆ. ಅವಳಿಗೆ ಅದು ಆಗದ ಕೆಲಸ.

ಸೆಪ್ಟೆಂಬರ್ 11, ಗುರುವಾರ

ತೋಳು ಎತ್ತಲಾಗುತ್ತಿಲ್ಲ. ಆದರೂ ಬರೆಯಬೇಕು.

ಹತ್ತಕ್ಕೆ ಕರೆಂಟ್ ಹೋಯಿತು. ಲೈನ್ ರಿಪೇರಿ, ಸಂಜೆಯ ತನಕ ಇಲ್ಲ ಅಂದರು. ಫಿಲ್ಟರ್ ನಿಂತಿತು. ನೀರಿಗೆ ಗಾಳಿ ಬಿಡುವ ಬ್ಯಾಟರಿ ಪಂಪ್ ಒತ್ತಿದೆ — ಸತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ನನ್ನ ಹಳದಿ ಹೆಣ್ಣು ಮೂಲೆಯಲ್ಲಿ ವಾಲುತ್ತಿತ್ತು. ಬಾಯಿ ಮಾತ್ರ ಬಿಗಿ.

ಮಣಿಕಂಠನಿಗೆ ಫೋನ್. “ನೀರ್ನ ಮೊಗೆದು ಮೇಲಿಂದ ಸುರೀತಾ ಇರಿ, ಮೆಲ್ಲಗೆ. ಗಾಳಿ ಸೇರ್ತದೆ. ನಾನು ಬತ್ತೀನಿ.”

ಮಗ್ ತೆಗೆದುಕೊಂಡು ಶುರು ಮಾಡಿದೆ. ಮೊಗೆಯುವುದು, ಸುರಿಯುವುದು. ತೋಳು ಸೋತಾಗ ಚಿಕ್ಕನಿಂಗಮ್ಮ ಹಿಡಿದಳು. ಅವಳು ಸೋತಾಗ ಅವಳ ಸೊಸೆ ರತ್ನ. ಯಾರೋ ಕಾಫಿ ತಂದರು. ಚಿಕ್ಕನಿಂಗಮ್ಮ ಸುರಿಯುತ್ತಾ ಸೋಬಾನೆ ಶುರು ಮಾಡಿದಳು. ಬಸುರಿ ಅಲ್ಲವೇ, ಹಾಡಿದರೇನು ತಪ್ಪು ಅಂತ! ನಕ್ಕೂ ನಕ್ಕೂ ಮಗ್ ಕೈಜಾರಿತು.

ಬೀದಿಯ ಆ ತುದಿಯಿಂದಲೇ ಕೂಗು.

“ಅವ್ವಾ! ಅವ್ವಾ, ಅದೆಯಾ?”

ಮಣಿಕಂಠ. ಚಪ್ಪಲಿ ಕೈಯಲ್ಲಿ, ಓಡಿ ಬರುತ್ತಿದ್ದಾನೆ.

“ಅದೆ ಕಣಪ್ಪ, ಬಾಯಿ ಬುಟ್ಟಿಲ್ಲ!” ಅಂದೆ.

ಹೊಸಿಲ ಮೇಲೆ ಕುಸಿದು ಕೂತ. ಆಮೇಲೆ, ತಾನು ಏನು ಕೂಗಿದೆ ಎಂದು ತಿಳಿದು ಕಿವಿ ಕೆಂಪಾಯಿತು. ನಾನು ಕೇಳಿಸಿಕೊಳ್ಳದವಳ ಹಾಗೆ ಅವನ ಕೈಗೆ ಮಗ್ ಕೊಟ್ಟೆ. ತಗೋ, ನಿನ್ನ ಪಾಳಿ.

ಸೆಪ್ಟೆಂಬರ್ 28, ಭಾನುವಾರ

ಹೆಣ್ಣನ್ನು ಬೇರೆ ಟಬ್ಬಿಗೆ ಬಿಟ್ಟಿದ್ದೆವು. ಬೆಳಿಗ್ಗೆ ಬಾಯಿ ತೆರೆಯಿತು. ಒಂದು ಬಂತು — ಎಳ್ಳಿನ ಕಾಳಿಗಿಂತ ಸ್ವಲ್ಪ ದೊಡ್ಡದು, ಕಣ್ಣೇ ಜಾಸ್ತಿ. ಆಮೇಲೆ ಇನ್ನೊಂದು, ಇನ್ನೊಂದು... ದೀಪ ಎಣಿಸಿದಳು. ಪ್ರತಿ ಸಲವೂ ಬೇರೆ ಲೆಕ್ಕ. ಮೇಷ್ಟ್ರಮ್ಮನ ಗಣಿತ ಇಷ್ಟೇನಾ ಎಂದು ಮಣಿಕಂಠ ಛೇಡಿಸಿದ. ಅವಳು ಅವನ ಮುಖಕ್ಕೆ ನೀರು ಚಿಮುಕಿಸಿದಳು. ನಾನು ಅಲ್ಲೇ ಇದ್ದೆ. ಇಬ್ಬರೂ ನಗು ನಿಲ್ಲಿಸಲಿಲ್ಲ.

ಅಕ್ಟೋಬರ್ 4

ದೀಪಳಿಗೆ ಹೇಳಿದೆ, ನಾಳೆ ರಂಗ ಬರುತ್ತಾನೆ ಅಂತ. ಎದ್ದು ಅಡುಗೆಮನೆಗೆ ಹೋದಳು. ಪಾತ್ರೆಗಳೇ ಮಾತಾಡಿದವು.

ಅಕ್ಟೋಬರ್ 5, ಭಾನುವಾರ. ಸಂಜೆ

ರಂಗ ಬೆಳಿಗ್ಗೆಯೇ ಆಟೋ ತಂದ. ನನ್ನ ಟ್ರಂಕ್ ಹಿಡಿದ. ದೀಪ ಬಂದು ಅದರ ಮೇಲೆ ಕೂತುಬಿಟ್ಟಳು.

“ಏಳವ್ವ,” ಅಂದ ರಂಗ.

“ಏಳಲ್ಲ ಮಾವ. ಅತ್ತೆ, ನೀವು ಈ ಮನೇಲಿರ್ತೀರಿ ಅಂತ್ಲೇ ನಾನು ಮದ್ವೆಗೆ ಊಂ ಅಂದದ್ದು. ಇವ್ರು ಯಳಂದೂರು ಬುಟ್ಟು ಇಲ್ಲಿಗೆ ಬಂದದ್ದೂ ಅದ್ಕೇ. ನೀವೇ ಎದ್ದೋದ್ರೆ ನಾನು ಯಾರ ಮನೇಲಿ ಇರದು?”

“ನಿಮ್ಗೆ ಅಡ್ಡ ಆಗದು ಬ್ಯಾಡ ಅಂತ ಕಣವ್ವ...”

“ಯಾವತ್ತು ಅಡ್ಡ ಆದ್ರಿ?”

“ಅಡುಗೆಮನೇಲಿ ನನ್ನ ನೋಡಿ ಸುಮ್ಕಾದ್ರಲ್ಲ.”

ದೀಪ ನೆನಪು ಮಾಡಿಕೊಂಡಳು. ಮುಖ ಅಳುವಿನಿಂದ ನಗುವಿಗೆ ಬಂತು. “ನಿಮ್ಮ ಸಾರಿಗೆ ಉಪ್ಪು ಜಾಸ್ತಿ ಅಂತಿದ್ರು ಇವ್ರು! ನಿಮ್ಮೆದುರಿಗೆ ಎಂಗೇಳದು?”

ಮಣಿಕಂಠ ನೆಲ ನೋಡಿದ. ಇಷ್ಟು ತಿಂಗಳು ಉಪ್ಪುಪ್ಪು ಸಾರು ಉಂಡನೇ, ಪಾಪ! ನಾನು ನಗತೊಡಗಿದೆ. ಕಣ್ಣಲ್ಲಿ ನೀರು. ಯಾವುದಕ್ಕೆ ಅಂತ ನನಗೂ ತಿಳಿಯದು.

“ಅಂಗಾದ್ರೆ ನನ್ನ ಆಟೋ?” ಅಂದ ರಂಗ.

ಆಗ ಮಣಿಕಂಠ ಬಾಯಿ ಬಿಟ್ಟ. “ಅವ್ವಾ, ಮರಿಗೆ ತೊಟ್ಟಿ ಬೇಕು. ಹನೂರಲ್ಲಿ ಒಬ್ರು ಹಳೇದೊಂದು ಕೊಡ್ತೀನಿ ಅಂದವ್ರೆ. ಗಾಡಿ ಎಂಗೂ ಬಂದದೆ.”

ಹೋದೆವು. ನಾನು ಮುಂದೆ, ರಂಗನ ಪಕ್ಕ. ದೀಪ, ಮಣಿಕಂಠ ಹಿಂದೆ ನಿಂತು, ಕೂದಲು ಗಾಳಿಗೆ. ಬರುವಾಗ ತೊಟ್ಟಿಯ ಸುತ್ತ ನನ್ನ ಎರಡು ಕಂಬಳಿ ಸುತ್ತಿ, ಪ್ರತಿ ರೋಡ್ ಹಂಪ್‌ಗೂ “ಮೆಲ್ಲಗೆ, ಮೆಲ್ಲಗೆ” ಎಂದು ಮೂವರೂ ರಂಗನಿಗೆ ಕೂಗಿಕೊಂಡು.

ಈಗ ಅದು ನನ್ನ ರೂಮಿನಲ್ಲಿದೆ. ಟ್ರಂಕ್ ಅಟ್ಟಕ್ಕೆ ಹೋಯಿತು. ಮುಳ್ಳೂರಿಗೆ ಹೊರಡಬೇಕಾದ ರಂಗ ಪೈಪ್ ಹಿಡಿದು ನೀರು ತುಂಬಿಸುತ್ತಿದ್ದಾನೆ, ತನಗೂ ನಾಲ್ಕು ಮರಿ ಬೇಕಂತೆ. ಸಾರಿನ ಕೆಲಸ ಇವತ್ತು ಮಣಿಕಂಠನದು. ಉಪ್ಪು ಎಷ್ಟು ಹಾಕುತ್ತಾನೋ ನೋಡ್ತೀನಿ — ತಡಿ, ರಂಗ ಕೂಗುತ್ತಿದ್ದಾನೆ — ತುಂಬಿ ಹರೀತಾ ಅದಂತೆ, ಮೋಟ್ರು ಆಫ್ ಮಾಡ್ಬೇಕಂತೆ, ಮಂಚದ ಕೆಳಗೆಲ್ಲ ನೀರು ನುಗ್ಗಿದೆಯಂತೆ, ಹೋದೆ.