ಕೊನೆಯ ಫೆರಿಯಲ್ಲಿ ಒಂದು ಹೆಸರು

ಮಾರ್ಚ್ ೪

ಕಾಫಿ. ಬ್ರೆಡ್ಡು, ಕಂದು ಚೀಸು. ಆಸ್‌ಬ್ಯೋರ್ನ್‌ನ ಕೋಟಿಗೆ ಗುಂಡಿ ಹಾಕಿಕೊಟ್ಟೆ. ಪಾರ್ಶ್ವವಾಯು ಬಡಿದ ಮೇಲೆ ಗಂಡನ ಬಲಗೈ ಇನ್ನೂ ಏಳುತ್ತಿಲ್ಲ. ಅಂಗಡಿಯಲ್ಲಿ ತಾನೇ ಜಾಮ್ ಕೇಳಿದ. "ಬ್ಲೋ. ಬೇರ್." ಬ್ಲೂಬೆರಿ ಅನ್ನುವ ಒಂದೇ ಪದ 'ನೀಲಿ', 'ಹಣ್ಣು' ಅಂತ ಎರಡಾಯಿತು, ಎರಡಕ್ಕೂ ಒಂದೇ ಒತ್ತು.

"ನೀಲಿ ಹಣ್ಣಾ? ಯಾವ ನೀಲಿ ಹಣ್ಣು?" ಅಂದಳು ಹುಡುಗಿ. ಆಮೇಲೆ, ಪಾಪ, ಹೊರದೇಶದವನೆಂದುಕೊಂಡು ಇಂಗ್ಲಿಷಿನಲ್ಲಿ ಕೇಳಿದಳು.

ಇದೇ ಊರಲ್ಲಿ ಹುಟ್ಟಿದವನು. ಇಲ್ಲಿನ ಫೆರಿಯ ಕಪ್ತಾನನಾಗಿದ್ದವನು. ಜಾಮ್ ಬಿಟ್ಟು ಬಂದೆವು.

ಮಾರ್ಚ್ ೧೧

ಮಾತು ಕಲಿಸುವ ಟುರಿಡ್ ಬಂದಿದ್ದಳು. ಪದ ಮರೆತಿಲ್ಲವಂತೆ, ಅದರ ಏರಿಳಿತ ಹೋಗಿದೆಯಂತೆ. ಜೋಡುಪದದ ಮೊದಲ ತುಂಡಿಗೆ ಭಾರ ಬೀಳಬೇಕು, ಎರಡನೆಯದು ಅದರ ಬೆನ್ನಿಗೆ ಅಂಟಿಕೊಂಡು ಬರಬೇಕು. ಇವನ ಬಾಯಲ್ಲಿ ಎರಡೂ ದೂರ ದೂರ ನಿಲ್ಲುತ್ತವೆ. ಅವನ ಎಡಗೈಯಿಂದ ಮೇಜು ತಟ್ಟಿಸಿದಳು — ಮೊದಲು ಜೋರಾಗಿ, ಆಮೇಲೆ ಮೆಲ್ಲಗೆ. ಫೆರಿ ನಿಲ್ಲುವ ನಮ್ಮ ದಕ್ಕೆಯ ಹೆಸರು ಹೇಳಿಸಿದಳು, ಹೆಸ್ಟ್‌ನೇಸೆ. ಹೆಸ್ಟ್ ಅಂದರೆ ಕುದುರೆ, ನೇಸೆ ಅಂದರೆ ನೀರಿಗೆ ಚಾಚಿದ ನೆಲ.

"ಹೆಸ್. ಟ್ನೇಸೆ."

"ಅಯ್ಯೋ, ಕುದುರೆ ಬಾಲ ಕತ್ತರಿಸಿಬಿಟ್ರಲ್ಲ ಕಪ್ತಾನ್ರೇ! 'ಹೆಸ್ಟ್' ಪೂರ್ತಿ ದಾಟ್ಲಿ, 'ನೇಸೆ' ಹಿಂದಿಂದ ಬರತ್ತೆ."

ನಕ್ಕ! ಎಷ್ಟು ದಿನವಾಗಿತ್ತು...

ಏಪ್ರಿಲ್ ೨

ಸೇತುವೆ ಮುಗಿಯಿತು. ಮುಂದಿನ ತಿಂಗಳು ಫೆರಿ ನಿಲ್ಲುತ್ತದೆ. ಈಗಿನ ಕಪ್ತಾನ ಯೂಸ್ಟೈನ್ ಮನೆಗೇ ಬಂದ. "ಕೊನೇ ಟ್ರಿಪ್‌ನಲ್ಲಿ ದಕ್ಕೆ ಹೆಸ್ರು ಮೈಕಲ್ಲಿ ನೀನೇ ಕೂಗ್ಬೇಕು. ಒಂದೇ ಪದ ಕಣೋ."

ಆಸ್‌ಬ್ಯೋರ್ನ್ ನನ್ನ ಮುಖ ನೋಡಿದ. ಹೂಂ ಅಂದೆ.

ಏಪ್ರಿಲ್ ೧೯, ಮಧ್ಯಾಹ್ನ

ಸ್ನಾನದ ಕೋಣೆಯಿಂದ ಕೇಳಿಸಿತು. ಹಳೆಯ ದನಿ, ಒಂದೇ ಉಸಿರು — ಹೆಸ್ಟ್‌ನೇಸೆ. ಅಡುಗೆಮನೆಯ ನಲ್ಲಿ ನಿಲ್ಲಿಸಿ ನಿಂತೆ. ಇನ್ನೊಮ್ಮೆ ಹೇಳಲಿಲ್ಲ.

ಮೇ ೩

ಫೆರಿ ತುಂಬ ಜನ. ವಾಫಲ್ ಪರಿಮಳ. ಮೇಲೆ ಕಪ್ತಾನನ ಕೋಣೆಯಲ್ಲಿ ಮೈಕ್ ಆಸ್‌ಬ್ಯೋರ್ನ್‌ನ ಕೈಗೆ ಕೊಟ್ಟರು. ನಾನು ಕೆಳಗೆ, ಕಂಬಿ ಹಿಡಿದು.

"ಹೆಸ್ಟ್. ನೇಸೆ."

ಎರಡು ಕಲ್ಲು ಬಿದ್ದ ಹಾಗೆ.

ಹಿಂದೆ ಯಾರೋ, "ಕೊನೇ ದಿನಕ್ಕೆ ನಮ್ಮ ಭಾಷೆ ಬರದ ಪೋಲೆಂಡಿನವ್ನೇ ಸಿಕ್ಕಿದ್ನಾ ಇವ್ರಿಗೆ?" ಅಂದ. ನಗು. ಕೆಟ್ಟವರಲ್ಲ. ಅವರಿಗೆ ಅವನ ಮುಖ ಕಾಣಿಸುತ್ತಿರಲಿಲ್ಲ, ಅಷ್ಟೇ. ಆದರೆ ಅವನಿಗೆ ಕೇಳಿಸಿತು. ಕಿಟಕಿ ತೆರೆದಿತ್ತು.

ಮೇ ೪

ಮಾತಿಲ್ಲ.

ಮೇ ೨೦

ಟುರಿಡ್ ಮೇಜು ಬಡಿಯಲು ಕೈ ಎತ್ತಿದಳು. ಅವಳ ಕೈ ಮೇಲೆ ತನ್ನ ಕೈ ಇಟ್ಟು ಇಳಿಸಿದ. ಒರಟಾಗಿ ಅಲ್ಲ.

ಹೊರಡುವಾಗ ಬಾಗಿಲ ಹತ್ತಿರ ನನಗೆ ಹೇಳಿದಳು, "ಬಲವಂತ ಬೇಡ. ಆದ್ರೆ ನೀವು ಮಾತಾಡೋದು ನಿಲ್ಲಿಸ್ಬೇಡಿ."

ಮಾತಾಡುತ್ತಿದ್ದೇನೆ. ಸೇತುವೆ, ಹವಾಮಾನ, ಆಲೂಗಡ್ಡೆ... ಗೋಡೆಗಾದರೂ ಪ್ರತಿಧ್ವನಿ ಇರುತ್ತದೆ.

ಜೂನ್ ೨೩, ಸಂಜೆ

ದಂಡೆಯಲ್ಲಿ ನಡುಬೇಸಿಗೆಯ ಹಬ್ಬದ ಬೆಂಕಿ ಹಚ್ಚಿದ್ದಾರೆ. ನಾವು ಹೋಗಲಿಲ್ಲ. ಕಿಟಕಿಯ ಬಳಿ ನಿಂತಿದ್ದೆ. ಬೆನ್ನ ಹಿಂದೆ —

"ಬೋರ್ಗ್. ಹಿಲ್ಡ್."

ನನ್ನ ಹೆಸರು. ಇಬ್ಬರು ಹೆಂಗಸರನ್ನು ಕರೆದ ಹಾಗೆ.

"ಇಬ್ರೂ ಇಲ್ಲೇ ಇದೀವಿ ಕಣೋ," ಅಂದೆ. ಪಕ್ಕದ ಕುರ್ಚಿ ತೋರಿಸಿದ. ಕೂತೆ. ನನ್ನ ಕೈ ಹಿಡಿದುಕೊಂಡ. ಅತ್ತುಬಿಟ್ಟೆ. ಆಮೇಲೆ ಮಲಗಿಸಿ ಬಂದು ಇದನ್ನು ಬರೆಯುತ್ತಿದ್ದೇನೆ.

ಒಳಗಿನಿಂದ ಮತ್ತೆ ಕರೆಯುತ್ತಿದ್ದಾನೆ. "ಬೋರ್ಗ್."

ಇನ್ನೊಂದು ತುಂಡಿಗೆ ಕಾಯುತ್ತಿದ್ದೇನೆ. ಯಾಕೆ ಇನ್ನೂ ಬರಲಿಲ್ಲ? ಪೆನ್ನು ಇಟ್ಟು ಹೋಗಿ ನೋಡ—